ತಿಳಿನೀರು

ಇಂದಿನ ಚಿಂತನೆ.

ಭಾನುವಾರದ ಓದಿಗೆ ಬ್ಯಾಡಗಿಯಿಂದ ಬಂದಿದ್ದ ತಾಯಿಯೊಬ್ಬರು ಕೇಳಿದರು: "ಸರ, ವಾರಕ್ಕೊಮ್ಮೆ ಟ್ಯಾಂಕ್ ಪೂರಾ ಖಾಲಿ ಮಾಡಿ, ಹರಳು, ಸ್ಪಂಜು ಎಲ್ಲಾ ನಳದ ನೀರಾಗ ತಿಕ್ಕಿ ತೊಳೀತೀವ್ರಿ. ನೀರು ಕನ್ನಡಿ ಹಂಗ ಇರ್ತೈತಿ. ಆದ್ರೂ ಗೋಲ್ಡ್‌ಫಿಶ್ ಸಾಯ್ತಾವ. ಪಾಪ ನಮಗ ಬರ್ತೈತೇನ್ರಿ?"

ಕೊಲ್ಲುವ ಚೇತನವಿಲ್ಲದಲ್ಲಿ ಪಾಣಾತಿಪಾತವಿಲ್ಲ. ಆದರೆ ಈ ಉತ್ತರದಿಂದ ನಮಗೆ ಸಮಾಧಾನವೇ ಹೊರತು ಮೀನಿಗೇನೂ ಆಗಲಿಲ್ಲ. ಕಾರಣ ನೋಡೋಣ.

ಮೀನಿನ ಹಿಕ್ಕೆಯಿಂದ, ತಿನ್ನದೆ ಉಳಿದ ಕಾಳಿನಿಂದ ಅಮೋನಿಯಾ ಹುಟ್ಟುತ್ತದೆ. ನೀರಿನಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ. ಸ್ಪಂಜು, ಹರಳುಗಳ ಮೇಲೆ ನೆಲೆಸಿದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಅಷ್ಟಿಷ್ಟಿದ್ದರೆ ಮೀನು ತಡೆದುಕೊಳ್ಳುತ್ತದೆ. ಈ ಸಂಸಾರ ಕೂಡಿಬರಲು ನಾಲ್ಕರಿಂದ ಆರು ವಾರ ಬೇಕು. ನಳದ ನೀರಿನ ಕ್ಲೋರಿನ್ನಿನಲ್ಲಿ ತಿಕ್ಕಿದರೆ ಅದು ಪ್ರತಿ ವಾರವೂ ಹಾಳು. ಪಟಿಚ್ಚಸಮುಪ್ಪಾದವನ್ನು ಇಷ್ಟು ಸಣ್ಣ ಗಾಜಿನ ಪೆಟ್ಟಿಗೆಯಲ್ಲಿ ಬೇರೆಲ್ಲೂ ನೋಡಲಾರೆವು! ನೀರು ಸೋಸುವ ಬಟ್ಟೆಯನ್ನೂ ಭಿಕ್ಖುವಿನ ಎಂಟು ಪರಿಕರಗಳಲ್ಲಿ ಸೇರಿಸಿದ್ದು ನೀರಿನೊಳಗಿನ ಸಣ್ಣ ಜೀವಿಗಳ ಮೇಲಿನ ಕಾಳಜಿಯಿಂದಲೇ.

ಹಾಗಾಗಿ ಪೂರಾ ತೊಳೆಯುವುದು ಬೇಡ. ವಾರಕ್ಕೆ ಕಾಲುಭಾಗ ನೀರು ಬದಲಿಸಿದರೆ ಸಾಕು, ಹೊಸ ನೀರು ಒಂದು ದಿನ ತೆರೆದ ಬಕೆಟ್ಟಿನಲ್ಲಿ ನಿಂತಿರಲಿ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ಬೋರ್‌ವೆಲ್ ನೀರಿನಲ್ಲಿ ಪಿಎಚ್ ಹೆಚ್ಚಿದ್ದರೆ ಅಮೋನಿಯಾದ ವಿಷ ಇನ್ನೂ ಜೋರು, ಬೇಸಿಗೆಯಲ್ಲಂತೂ ಕೇಳುವುದೇ ಬೇಡ.

ಸಂಯುತ್ತ ನಿಕಾಯದ ಸಂಗಾರವ ಸುತ್ತದಲ್ಲಿ ಬುದ್ಧರು ಐದು ನೀವರಣಗಳನ್ನು ಐದು ಪಾತ್ರೆಗಳ ನೀರಿಗೆ ಹೋಲಿಸುತ್ತಾರೆ: ಬಣ್ಣ ಕಲೆತದ್ದು, ಕುದಿಯುವುದು, ಪಾಚಿ ಕಟ್ಟಿದ್ದು, ಗಾಳಿಗೆ ಅಲ್ಲಾಡುವುದು, ಕೆಸರಾಗಿ ಕತ್ತಲಲ್ಲಿಟ್ಟದ್ದು. ಯಾವುದರಲ್ಲೂ ಮುಖ ಕಾಣದು. ಐದರ ದೋಷವೂ ನೋಡಿದರೆ ತಿಳಿಯುತ್ತದೆ. ಬ್ಯಾಡಗಿಯ ಟ್ಯಾಂಕು ಹಾಗಲ್ಲ, ಮುಖ ಚೆನ್ನಾಗಿ ಕಾಣುತ್ತದೆ, ವಿಷವೂ ಇದೆ. ಧಮ್ಮದಲ್ಲಿ ಇದಕ್ಕೆ ಹತ್ತಿರದ ಮಾತು ಅನುಸಯ, ಒಳಗೆ ಮಲಗಿರುವ ಕ್ಲೇಶ. ಮುಂಜಾನೆ ಒಂದು ತಾಸು ಆನಾಪಾನಕ್ಕೆ ಕೂತು ಎದ್ದವರು ಚಹಾ ತಡವಾಯಿತೆಂದು ಸೊಸೆಯ ಮೇಲೆ ಹರಿಹಾಯುವುದನ್ನು ನಮ್ಮ ಬಳಗವೂ ಕಂಡಿದೆ. (ಹೆಸರು ಬೇಡ.) ಅಲ್ಲಾಡದ ಮನಸ್ಸನ್ನು ಶುದ್ಧ ಮನಸ್ಸೆಂದು ತಿಳಿಯುವ ಅವಸರ ನಮಗೆಲ್ಲ ಇದೆ.

ಆ ತಾಯಿಯ ಮಗನಿಗೆ ಈಗ ಮೈನ್‌ಕ್ರಾಫ್ಟ್ ಆಟದಲ್ಲಿ ಕಂಡ ಆಕ್ಸೊಲಾಟಲ್ ಬೇಕಂತೆ. ಅದು ಮೆಕ್ಸಿಕೊದ ಸೊಚಿಮಿಲ್ಕೊ ಕಾಲುವೆಗಳ ತಣ್ಣೀರಿನ ಜೀವಿ. 16ರಿಂದ 18 ಡಿಗ್ರಿ ಅದಕ್ಕೆ ಹಿತ, 24 ದಾಟಿದರೆ ಸಂಕಟ. ರಾಣೆಬೆನ್ನೂರಿನ ಏಪ್ರಿಲ್‌ನಲ್ಲಿ ಕರೆಂಟ್ ಹೋದ ಮಧ್ಯಾಹ್ನ ಅದರ ಗತಿ ಏನು? ತರಬೇಡಿ ಎಂದೇ ಹೇಳಿದೆ. ಹುಡುಗನಿಗೆ ಬೇಸರವಾಗಿದೆ. ಅವನ ಎರಡು ಗೋಲ್ಡ್‌ಫಿಶ್ ಇನ್ನೂ ಬದುಕಿವೆ, ಇವತ್ತು ಸಂಜೆ ಬಕೆಟ್ ತುಂಬಿಡುವ ಕೆಲಸ ಅವನದೇ.

ಭವತು ಸಬ್ಬ ಮಂಗಲಂ.