ಕರ್ಷಕ, ಧೀವರ ಮತ್ತು ಇರುಳಿನ ದೀಪ

ನಮ್ಮ ಶ್ರಾವಕಾಚಾರ ಗ್ರಂಥಗಳಲ್ಲಿ ಕರ್ಷಕ ಮತ್ತು ಧೀವರರ ದೃಷ್ಟಾಂತವು ಪ್ರಸಿದ್ಧವಾದುದು. ಕರ್ಷಕನೆಂದರೆ ಒಕ್ಕಲಿಗ, ಧೀವರನೆಂದರೆ ಮೀನುಗಾರ. ನೇಗಿಲು ಹೂಡಿದ ಒಕ್ಕಲಿಗನಿಂದ ಒಂದೇ ದಿನದಲ್ಲಿ ಲೆಕ್ಕವಿಲ್ಲದಷ್ಟು ಜೀವಿಗಳು ನಾಶವಾಗುತ್ತವೆ. ಬಲೆ ಬೀಸಿ ದಡದಲ್ಲಿ ಕುಳಿತ ಮೀನುಗಾರನಿಗೆ ಆ ದಿನ ಒಂದು ಮೀನೂ ಸಿಕ್ಕದೆ ಹೋಗಬಹುದು. ಆದರೂ ಶಾಸ್ತ್ರವು ಹಿಂಸಕನೆಂದು ಕರೆಯುವುದು ಎರಡನೆಯವನನ್ನು. ಏಕೆಂದರೆ ಮೊದಲನೆಯವನ ಸಂಕಲ್ಪ ಧಾನ್ಯದ ಮೇಲಿದೆ, ಎರಡನೆಯವನ ಸಂಕಲ್ಪ ಪ್ರಾಣದ ಮೇಲಿದೆ. ಸೋಮದೇವ ಸೂರಿಗಳು ಕ್ರಿ.ಶ. 959ರಲ್ಲಿ ಪೂರ್ಣಗೊಳಿಸಿದ ಯಶಸ್ತಿಲಕ ಚಂಪುವಿನಲ್ಲಿಯೂ ಈ ವಿಚಾರವಿದೆ. ಬೆಳಗಾವಿ ಜಿಲ್ಲೆಯ ಜೈನರಲ್ಲಿ ಬಹಳಷ್ಟು ಜನ ಒಕ್ಕಲುತನದವರಾದ್ದರಿಂದ, ಈ ದೃಷ್ಟಾಂತವನ್ನು ಕೇಳಿದಾಗ ನಮಗೆ ಒಂದು ಬಗೆಯ ಸಮಾಧಾನವಾಗುತ್ತದೆ.

ಆದರೆ ಆ ಸಮಾಧಾನವನ್ನು ಪರೀಕ್ಷೆಗೆ ಒಡ್ಡುವ ಸಂದರ್ಭವೊಂದಿದೆ. ಒಬ್ಬನೇ ಮನುಷ್ಯನು ಹಗಲಿನಲ್ಲಿ ಕರ್ಷಕನೂ ಇರುಳಿನಲ್ಲಿ ಧೀವರನೂ ಆದರೆ ಹೇಗೆ? ಗದ್ದೆ ಅದೇ, ನೀರು ಅದೇ, ಕೆಸರಿನಲ್ಲಿ ಇಳಿಯುವ ಕಾಲೂ ಅದೇ.

ಇದು ಕಲ್ಪನೆಯ ಮಾತಲ್ಲ. ನಮ್ಮ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಅಲ್ಲಿಂದ ದಕ್ಷಿಣಕ್ಕೆ ಕೊಡಗಿನವರೆಗೆ ಸಹ್ಯಾದ್ರಿಯ ಸೆರಗೆಲ್ಲ ಭತ್ತದ ನಾಡು. ಮೃಗಶಿರಾ ಮಳೆ ಹಿಡಿದು ಹಳ್ಳಗಳು ತುಂಬಿ ಹರಿಯತೊಡಗಿದಾಗ, ಹೊಳೆಯ ಮೀನುಗಳು ಮೊಟ್ಟೆ ಇಡಲು ಪ್ರವಾಹದ ವಿರುದ್ಧ ಹತ್ತಿ, ಕಾಲುವೆಗಳ ಮೂಲಕ ಗದ್ದೆಯ ತಿಳಿನೀರಿಗೆ ಬರುತ್ತವೆ. ಮಲೆನಾಡಿನ ಕನ್ನಡದಲ್ಲಿ ಇವಕ್ಕೆ ಹತ್ತುಮೀನು ಎಂದು ಹೆಸರು. ಮರಾಠಿಯಲ್ಲಿ ಚಢಣೀಚೆ ಮಾಸೆ ಎನ್ನುತ್ತಾರೆ. ಜನರು ರಾತ್ರಿಯಲ್ಲಿ ಬ್ಯಾಟರಿ ಹಿಡಿದು ಮೊಣಕಾಲುದ್ದದ ನೀರಿಗೆ ಇಳಿಯುತ್ತಾರೆ. ಹಿಂದೆ ಸೂಡಿಯೋ ಗ್ಯಾಸ್‌ಲೈಟೋ ಇರುತ್ತಿತ್ತು. ಬೆಳಕು ಬಿದ್ದ ಮೀನು ಕಂಗೆಟ್ಟು ನಿಂತಲ್ಲೇ ನಿಲ್ಲುತ್ತದೆ. ಆಗ ಕತ್ತಿಯಿಂದ ಕಡಿಯುವುದು, ಇಲ್ಲವೇ ಈಟಿಯಿಂದ ಚುಚ್ಚುವುದು. ಹೀಗೆ ಸಾಯುವ ಮೀನುಗಳಲ್ಲಿ ಮೊಟ್ಟೆ ತುಂಬಿದವು ಎಷ್ಟೋ ಇರುತ್ತವೆ.

ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ರೂಢಿಯಲ್ಲ. ನಮ್ಮ ಕರಾವಳಿಯಲ್ಲಿ ನಂಗ್ ಎಂದು ಕರೆಯುವ ಚಪ್ಪಟೆ ಮೀನಿನ ದೊಡ್ಡ ಬಳಗವೊಂದು ಜಗತ್ತಿನ ಕಡಲುಗಳಲ್ಲೆಲ್ಲ ಇದೆ. ಈ ಬಳಗದ ಮೀನಿಗೆ ಮರಿಯಾಗಿದ್ದಾಗ ಎರಡು ಪಕ್ಕಕ್ಕೆ ಎರಡು ಕಣ್ಣು. ಬೆಳೆಯುತ್ತ ಒಂದು ಕಣ್ಣು ಸರಿದು ಇನ್ನೊಂದರ ಪಕ್ಕಕ್ಕೆ ಬರುತ್ತದೆ. ಅದು ಮರಳಿನ ಬಣ್ಣವನ್ನೇ ತಾಳಿ, ತಳಕ್ಕೆ ಅಂಟಿಕೊಂಡು, ಅಲುಗಾಡದೆ ಇರುವುದನ್ನೇ ತನ್ನ ರಕ್ಷಣೆಯೆಂದು ನಂಬಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಆಳವಿಲ್ಲದ ಕೊಲ್ಲಿಗಳಲ್ಲಿ ಜನರು ರಾತ್ರಿ ದೀಪ ಹಿಡಿದು ನಡೆಯುತ್ತ, ಫ್ಲೌಂಡರ್ ಎಂಬ ಇದೇ ಬಳಗದ ಮೀನನ್ನು ಈಟಿಯಿಂದ ಚುಚ್ಚುತ್ತಾರೆ. ಮೀನಿನ ಸಂತತಿ ಕ್ಷೀಣಿಸಿದ ಕಾರಣ, ಅವು ಮೊಟ್ಟೆಯಿಡಲು ಕಡಲಿಗೆ ಹೊರಡುವ ನವೆಂಬರ್ 1ರಿಂದ ಡಿಸೆಂಬರ್ 14ರವರೆಗಿನ ಕಾಲದಲ್ಲಿ ಅದರ ಬೇಟೆಯನ್ನು 2021ರಿಂದ ಆ ರಾಜ್ಯವು ನಿಲ್ಲಿಸಿದೆ. ಯಾವುದು ಆ ಜೀವಕ್ಕೆ ರಕ್ಷಣೆಯಾಗಿತ್ತೋ ಆ ನಿಶ್ಚಲತೆಯೇ ದೀಪದ ಮುಂದೆ ಅದರ ಮೃತ್ಯುವಾಗುತ್ತದೆ.

ಈಗ ಮೂಲ ಪ್ರಶ್ನೆಗೆ ಬರೋಣ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ವಿಧವಾಗಿ ಹೇಳುತ್ತಾರೆ. ಗೃಹಸ್ಥನು ಸಂಪೂರ್ಣವಾಗಿ ಬಿಡಲೇಬೇಕಾದುದು ಸಂಕಲ್ಪೀ ಹಿಂಸೆ. ಉಳಿದವುಗಳಲ್ಲಿ ಯತ್ನಾಚಾರದಿಂದ ನಡೆಯಬೇಕು. ಹಗಲಿನಲ್ಲಿ ಗದ್ದೆ ಹೂಡುವವನದು ಉದ್ಯೋಗೀ ಹಿಂಸೆ. ಅವನು ಜೀವಿಗಳನ್ನು ಹುಡುಕುತ್ತಿಲ್ಲ. ಅವು ಕಾಣಿಸಿದರೆ ಪಕ್ಕಕ್ಕೆ ಸರಿಸಲೂಬಹುದು. ಇರುಳಿನಲ್ಲಿ ಅದೇ ಗದ್ದೆಗೆ ಇಳಿದಾಗ ಅವನ ಕಣ್ಣು ಹುಡುಕುವುದು ಜೀವವನ್ನೇ. ಕೈ ಬದಲಾಗಿಲ್ಲ, ನೋಟ ಬದಲಾಗಿದೆ. ಶಾಸ್ತ್ರಕಾರರು ಭಾವಹಿಂಸೆಯೆಂದದ್ದು ಇದನ್ನೇ. ಆದ್ದರಿಂದ ಕರ್ಷಕ, ಧೀವರ ಎಂಬವು ಜಾತಿಯ ಹೆಸರುಗಳೂ ಅಲ್ಲ, ಕಸುಬಿನ ಹೆಸರುಗಳೂ ಅಲ್ಲ. ಒಬ್ಬನೇ ವ್ಯಕ್ತಿಯ ಅಂತರಂಗದಲ್ಲಿ ಬಂದು ಹೋಗುವ ಎರಡು ಪರಿಣಾಮಗಳ ಹೆಸರುಗಳು. ದೃಷ್ಟಾಂತವನ್ನು ಹೀಗೆ ಅರ್ಥಮಾಡಿಕೊಂಡಾಗ ಒಕ್ಕಲಿಗನಿಗೆ ದೊರೆತ ಸಮಾಧಾನವು ಶಾಶ್ವತವಾದುದಲ್ಲವೆಂದು ತಿಳಿಯುತ್ತದೆ. ಪ್ರತಿ ಸಂಜೆಯೂ ಅದನ್ನು ಹೊಸದಾಗಿ ಗಳಿಸಬೇಕು.

ಇಲ್ಲಿ ದೀಪದ ವಿಷಯವನ್ನೂ ವಿಚಾರಿಸಬೇಕು. ರಾತ್ರಿಭೋಜನ ತ್ಯಾಗಕ್ಕೆ ಹಿರಿಯರು ಕೊಡುವ ಕಾರಣಗಳಲ್ಲಿ, ದೀಪವು ಕೀಟಗಳನ್ನು ಸೆಳೆದು ಕೊಲ್ಲುತ್ತದೆಂಬುದೂ ಒಂದು. ಅಲ್ಲಿ ದೀಪದ ಹಿಂಸೆ ನಾವು ಬಯಸದ್ದು. ಆದರೂ ಅದನ್ನು ತಪ್ಪಿಸಲು ನಮ್ಮ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುತ್ತಾರೆ. ಹಾಗಿರುವಾಗ ಸೆಳೆಯುವುದಕ್ಕೆಂದೇ, ಕಂಗೆಡಿಸುವುದಕ್ಕೆಂದೇ ಹಚ್ಚಿದ ದೀಪಕ್ಕೆ ಏನೆನ್ನಬೇಕು? ಕೇಂದ್ರ ಸರ್ಕಾರವು 2017ರ ನವೆಂಬರ್‌ನಲ್ಲಿ ನಮ್ಮ ಆರ್ಥಿಕ ವಲಯದ ಸಮುದ್ರದಲ್ಲಿ ಎಲ್‌ಇಡಿ ದೀಪ ಬೆಳಗಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಸರ್ಕಾರದ ಉದ್ದೇಶ ಮೀನಿನ ಸಂತತಿಯನ್ನು ಮನುಷ್ಯನ ಉಪಯೋಗಕ್ಕಾಗಿ ಉಳಿಸುವುದು, ಅದು ಅಹಿಂಸಾವ್ರತವಲ್ಲ. ಆದರೂ ಮುನಿಗಳು ಜೀವೋತ್ಪತ್ತಿಯ ಕಾಲದಲ್ಲಿ ವಿಹಾರವನ್ನು ನಿಲ್ಲಿಸಿ ಚಾತುರ್ಮಾಸ ಕೈಗೊಳ್ಳುವ ಋತುವಿಗೂ ಈ ನಿಷೇಧದ ಋತುವಿಗೂ ಇರುವ ಸಾಮೀಪ್ಯವು ವಿಚಾರಾರ್ಹವಾಗಿದೆ.

ವಿಚಾರವಂತರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ದೊಡ್ಡ ಟ್ರಾಲ್ ಬಲೆಯು ಒಂದೇ ಎಳೆತಕ್ಕೆ ಬೇಕಾದುದನ್ನೂ ಬೇಡವಾದುದನ್ನೂ ಸಾವಿರಗಟ್ಟಲೆ ಬಾಚುತ್ತದೆ. ಈಟಿಯವನು ಕೊಲ್ಲುವುದು ಕಣ್ಣಿಗೆ ಕಂಡ ಒಂದನ್ನು ಮಾತ್ರ. ಆದ್ದರಿಂದ ಇವನೇ ಮೇಲಲ್ಲವೇ, ಎಂದು. ಸತ್ತ ಜೀವಗಳ ಎಣಿಕೆಯಿಂದ ನೋಡಿದರೆ ಈ ಮಾತು ಸತ್ಯ. ದ್ರವ್ಯಹಿಂಸೆಯ ಹೆಚ್ಚು ಕಡಿಮೆಯನ್ನು ಜೈನಧರ್ಮವು ಅಲಕ್ಷಿಸುವುದಿಲ್ಲ. ಆದರೆ ಎಣಿಕೆ ಕಡಿಮೆಯಾಯಿತೆಂದು ಸಂಕಲ್ಪವು ಶುದ್ಧವಾಗುವುದಿಲ್ಲ. ಹಾಗಿದ್ದರೂ ಈಟಿಯವನಿಗೆ ಒಂದು ಅನುಕೂಲವಿದೆಯೆಂದು ನಾನು ಭಾವಿಸುತ್ತೇನೆ. ಅವನು ನೋಡುತ್ತಾನೆ. ಬಲೆ ಎಳೆಯುವವನಿಗೂ, ಪೇಟೆಯಲ್ಲಿ ಕೊಂಡು ತಿನ್ನುವವನಿಗೂ ಕಾಣದ ಒಂದು ಕ್ಷಣ ಅವನಿಗೆ ಕಾಣುತ್ತದೆ: ಬೆಳಕಿನಲ್ಲಿ ನಿಂತಿರುವ ಒಂದು ಪಂಚೇಂದ್ರಿಯ ಜೀವ, ಮೇಲೆತ್ತಿದ ಕೈ. ಕೈಯನ್ನು ಇಳಿಸದೆ ಹಿಂದಕ್ಕೆ ತೆಗೆದುಕೊಳ್ಳಲು ಆ ಕ್ಷಣದಲ್ಲಿ ಅವಕಾಶವಿದೆ.

ಮೃಗಸೇನ ಧೀವರನ ಕಥೆಯ ತಿರುಳು ಇದೇ ಆಗಿದೆ. ಮುನಿಗಳು ಅವನಿಗೆ ಕಸುಬನ್ನೇ ಬಿಡೆಂದು ಹೇಳಲಿಲ್ಲ. ಅವನ ಶಕ್ತಿಯನ್ನು ನೋಡಿ, ಮೊದಲು ಬಲೆಗೆ ಬಿದ್ದ ಮೀನನ್ನು ಬಿಟ್ಟುಬಿಡುವ ವ್ರತವನ್ನಷ್ಟೇ ಕೊಟ್ಟರು. ಅವನು ಆ ಮೀನಿಗೆ ಗುರುತು ಕಟ್ಟಿ ಬಿಟ್ಟನು. ಅದೇ ಮೀನು ಆ ದಿನ ಐದು ಸಲ ಬಲೆಗೆ ಬಿದ್ದಿತು. ಐದು ಸಲವೂ ಅವನು ಬಿಟ್ಟನು, ಬರಿಗೈಯಲ್ಲಿ ಮನೆಗೆ ಹೋದನು. ಮುಂದಿನ ಜನ್ಮದಲ್ಲಿ ಐದು ಗಂಡಾಂತರಗಳಿಂದ ಪಾರಾದನೆಂದು ಕಥೆ ಹೇಳುತ್ತದೆ. ಮೀನುಗಾರರನ್ನು ಕಂಡು ಮುಖ ತಿರುಗಿಸುವ ಶ್ರಾವಕರು ಈ ಕಥೆಯನ್ನು ಮತ್ತೆ ಓದಬೇಕು. ದೃಢವ್ರತಕ್ಕೆ ಉದಾಹರಣೆಯಾಗಿ ಆಚಾರ್ಯರು ಆರಿಸಿಕೊಂಡದ್ದು ಒಬ್ಬ ಮೀನುಗಾರನನ್ನು, ನಮ್ಮಂಥ ವ್ಯಾಪಾರಿಯನ್ನಲ್ಲ.

ವ್ಯಾಪಾರಿಯ ಮಾತು ಬಂದುದರಿಂದ ಅದನ್ನೂ ಹೇಳಿಬಿಡಬೇಕು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಲೆಕ್ಕವು ನಮಗೆಲ್ಲ ಪರಿಚಿತ: ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು; ಮನ, ವಚನ, ಕಾಯಗಳೆಂಬ ಮೂರು; ಕೃತ, ಕಾರಿತ, ಅನುಮತಗಳೆಂಬ ಮೂರು; ಕಷಾಯಗಳು ನಾಲ್ಕು. ಗುಣಿಸಿದರೆ 108. ಬಿ.ಕಾಂ. ಓದಿದವನಿಗೆ ಈ ಗುಣಾಕಾರ ಕಠಿಣವಲ್ಲ. ತನ್ನ ಖಾತೆಯಲ್ಲಿ ಎಷ್ಟು ಬರೆಯಬೇಕೆಂಬುದೇ ಕಠಿಣ. ನಾವಿರುವ ಶಿವಬಸವ ನಗರದಂಥ ಬಡಾವಣೆಯ ಅಂಗಡಿಯಲ್ಲಿ ಬ್ಯಾಟರಿ, ಸೆಲ್ಲು, ಕತ್ತಿ, ಹಗ್ಗ ಎಲ್ಲವೂ ಮಾರಾಟವಾಗುತ್ತವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸೆಯ ಸಾಧನಗಳನ್ನು ಕೊಡುವ ಹಿಂಸಾದಾನವನ್ನು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಹಾಗಾದರೆ ಬ್ಯಾಟರಿ ಮಾರುವುದು ಹಿಂಸಾದಾನವೇ? ಬ್ಯಾಟರಿಯಿಂದ ಒಕ್ಕಲಿಗನು ರಾತ್ರಿ ಪಂಪು ಚಾಲೂ ಮಾಡಲು ಹೋಗುತ್ತಾನೆ, ಹಾವಿನ ಮೇಲೆ ಕಾಲಿಡದೆ ನಡೆಯುತ್ತಾನೆ. ವಸ್ತುವಿನಲ್ಲಿ ದೋಷವಿಲ್ಲ. ಕೊಳ್ಳುವವನ ಮನಸ್ಸನ್ನೆಲ್ಲ ಶೋಧಿಸಿ ಮಾರುವುದು ಯಾರಿಂದಲೂ ಸಾಧ್ಯವಿಲ್ಲ. ಆದರೆ ಮುಳ್ಳುಮೊನೆಯ ಮೀನಿನ ಈಟಿಗೆ ಬೇರೆ ಉಪಯೋಗವಿಲ್ಲ. ಅದನ್ನು ಜೈನನು ಮಾರಬಾರದು. ಮಳೆಗಾಲ ಬಂತೆಂದು ಮೀನು ಹಿಡಿಯುವವರನ್ನು ಉದ್ದೇಶಿಸಿ ದೀಪಕ್ಕೆ ಜಾಹೀರಾತು ಮಾಡುವುದು ಪಾಪೋಪದೇಶವಾಗುತ್ತದೆ. ನಿರ್ದೋಷ ವಸ್ತುವನ್ನು ಹಿಂಸೆಯ ಹೆಸರಿನಲ್ಲಿ ಮಾರಿದಾಗ ನಾವು ಅನುಮತದ ಮನೆಗೆ ಕಾಲಿಟ್ಟಂತೆ.

ತಂಡುಲ ಮತ್ಸ್ಯದ ಕಥೆ ಇನ್ನೂ ಸೂಕ್ಷ್ಮವಾದುದು. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಮೀನೊಂದಿತ್ತು. ಮಹಾಮತ್ಸ್ಯದ ತೆರೆದ ಬಾಯಿಯಿಂದ ಜೀವಿಗಳು ತಪ್ಪಿಸಿಕೊಂಡು ಹೋಗುವುದನ್ನು ಕಂಡು, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಅದು ಯೋಚಿಸಿತು. ಒಂದನ್ನೂ ತಿನ್ನದೆಯೇ ಏಳನೆಯ ನರಕಕ್ಕೆ ಹೋಯಿತು. ಮೀನು ಮುಟ್ಟದ ನಮ್ಮ ಮಕ್ಕಳು ಇರುಳಿನ ಬೇಟೆಯ ಚಿತ್ರಗಳನ್ನು ಮೊಬೈಲಿನಲ್ಲಿ ವಿನೋದಕ್ಕಾಗಿ ನೋಡುತ್ತಾರೆ. ಅವರಿಗೆ ಗದರುವ ಬದಲು ಈ ಕಥೆಯನ್ನು ಹೇಳಬೇಕು.

ನಮ್ಮ ಬೆಳಗಾವಿ ಕೋಟೆಯ ಕಮಲ ಬಸದಿಯನ್ನು 1204ರಲ್ಲಿ ರಟ್ಟರ ಮಂತ್ರಿ ಬೀಚಿರಾಜನು ಕಟ್ಟಿಸಿದನು. ಅಲ್ಲಿ ವಿರಾಜಮಾನರಾಗಿರುವವರು ನೇಮಿನಾಥ ಸ್ವಾಮಿಗಳು. ತಮ್ಮ ಮದುವೆಯ ಅತಿಥಿಗಳಿಗಾಗಿ ಕೂಡಿಹಾಕಿದ ಪಶುಗಳ ಕೂಗನ್ನು ಕೇಳಿ ಅವರು ಹಿಂತಿರುಗಿದರು. ಕೊಲ್ಲುವವರು ಅವರಲ್ಲ, ತಿನ್ನುವವರೂ ಅವರಲ್ಲ. ಇದು ನನ್ನ ನಿಮಿತ್ತವೇ ಎಂಬ ಒಂದೇ ಪ್ರಶ್ನೆ ಅವರಿಗೆ ಸಾಕಾಯಿತು. ಪಶುಗಳಿಗೆ ಕೂಗುವ ಧ್ವನಿಯಾದರೂ ಇತ್ತು. ದೀಪದ ಮುಂದೆ ನಿಂತ ಮೀನು ನಮಗೆ ಕೇಳುವಂತೆ ಕೂಗುವುದಿಲ್ಲ. ಆದ್ದರಿಂದ ಅಲ್ಲಿ ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕಾಗುತ್ತದೆ.

ಬಸದಿಯ ಟ್ರಸ್ಟುಗಳಿಗೆ ಈ ಪ್ರಶ್ನೆ ನೇರವಾಗಿಯೇ ಬರುತ್ತದೆ. ಟ್ರಸ್ಟಿಗೆ ಗದ್ದೆಯೋ ಕೆರೆಯೋ ಇದ್ದು, ಅದನ್ನು ಲಾವಣಿಗೆ ಕೊಟ್ಟಿದ್ದರೆ, ಆ ನೀರಿನಲ್ಲಿ ನಡೆಯುವ ಬೇಟೆಯಲ್ಲಿ ಟ್ರಸ್ಟಿನ ಅನುಮತ ಎಷ್ಟು? ಮೀನಿನ ಗುತ್ತಿಗೆಯ ಹಣವನ್ನು ಭಗವಂತನ ಅಭಿಷೇಕಕ್ಕೆ ಬಳಸಬಹುದೇ? ಬಳಸಬಾರದೆಂಬುದು ಸ್ಪಷ್ಟ. ಆದರೆ ನಿಷೇಧದ ಫಲಕವೊಂದನ್ನು ನೆಟ್ಟು ಕೈತೊಳೆದುಕೊಂಡರೆ, ವರ್ಷಕ್ಕೆ ನಾಲ್ಕು ದಿನ ಅದನ್ನೇ ನಂಬಿದ ಬಡವನ ಮನೆಯ ಒಲೆಯನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂದಾಗುತ್ತದೆ. ಲಾವಣಿಯಲ್ಲಿ ಸ್ವಲ್ಪ ಬಿಟ್ಟುಕೊಟ್ಟು, ಹತ್ತುಮೀನಿನ ಮೊದಲ ಹದಿನೈದು ದಿನ ಕಾಲುವೆಯನ್ನು ಕಾಯುವ ಒಪ್ಪಂದವನ್ನು ಅವನೊಡನೆಯೇ ಮಾಡಿಕೊಳ್ಳಬಹುದು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವಾಲಯದ ಮುಂದಿನ ಮೀನುಗಳನ್ನು ಊರವರೇ ಕಾಯುತ್ತ ಬಂದಿದ್ದಾರೆ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ನಮ್ಮ ಟ್ರಸ್ಟುಗಳಿಗೆ ಅಷ್ಟು ಮಾಡುವುದು ಅಸಾಧ್ಯವಾಗಬಾರದು. ಮುನಿಗಳು ಮೃಗಸೇನನಿಗೆ ಕೊಟ್ಟದ್ದೂ ಅವನಿಂದ ಸಾಧ್ಯವಾಗುವ ವ್ರತವನ್ನೇ. ಬರುವ ಚಾತುರ್ಮಾಸಕ್ಕೆ ಮೊದಲು ಪ್ರತಿಯೊಂದು ಟ್ರಸ್ಟೂ ತನ್ನ ಲಾವಣಿ ಪತ್ರವನ್ನು ತೆಗೆದು ಒಮ್ಮೆ ಓದಲಿ.