ರಾಡಿಯ ಪನ್ಹಾಳ

ಬೋರಗಾಂವದಲ್ಲಿ ಗುಡ್ಡವಿಲ್ಲ. ದೂಧಗಂಗೆಯ ದಂಡೆ, ಎರೆಭೂಮಿ, ಕಣ್ಣು ಹಾಯುವಷ್ಟು ದೂರ ಕಬ್ಬು. ಆದರೂ ದೀಪಾವಳಿ ಹತ್ತಿರ ಬಂತೆಂದರೆ ಅಂಗಳ ಅಂಗಳದಲ್ಲೂ ಸಹ್ಯಾದ್ರಿ ಏಳತೊಡಗುತ್ತದೆ. ನಿಪ್ಪಾಣಿ, ಚಿಕ್ಕೋಡಿ, ಬೆಳಗಾವಿ, ಗಡಿಯಾಚೆ ಇಚಲಕರಂಜಿ, ಕೊಲ್ಹಾಪುರ – ಈ ಸೀಮೆಯ ಹುಡುಗರಿಗೆ ಹಬ್ಬವೆಂದರೆ ಮೊದಲು ಮಣ್ಣಿನಲ್ಲಿ ಕಟ್ಟುವ ಕಿಲ್ಲಾ, ಪಟಾಕಿಯೆಲ್ಲ ಆಮೇಲೆ. ಒಬ್ಬನದು ರಾಯಗಡ, ಇನ್ನೊಬ್ಬನದು ಪ್ರತಾಪಗಡ. ಹೆಚ್ಚಿನವರದು ಪನ್ಹಾಳ, ಅದು ಹತ್ತಿರದ್ದು.

ಕಟ್ಟುವ ಬಗೆ ನೋಡಬೇಕು. ಒಡೆದ ಇಟ್ಟಂಗಿ, ಕಲ್ಲು ಒಟ್ಟಿ, ರಾಡಿಯಲ್ಲಿ ಅದ್ದಿದ ಗೋಣಿತಟ್ಟನ್ನು ಮೇಲೆ ಹೊದಿಸುತ್ತಾರೆ. ತಟ್ಟು ಮಡಿಕೆ ಬಿದ್ದಲ್ಲಿ ಕಣಿವೆ, ಬಿಗಿದು ನಿಂತಲ್ಲಿ ಕಡಿಬಂಡೆ. ಬರೀ ಎರೆಮಣ್ಣು ಬಳಿದರೆ ಒಣಗಿದಾಗ ಬಿರಿಯುತ್ತದೆ, ಅದಕ್ಕೇ ಮೇಲೊಂದು ಪದರ ಕೆಮ್ಮಣ್ಣು. ಸಾಸಿವೆ ಚೆಲ್ಲಿ ದಿನಾ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಕಾಡು. ಶಾಲೆಯ ಪಟ್ಟಿಯಿಂದ ಒತ್ತಿದ ಮೆಟ್ಟಿಲು, ತೆಂಗಿನ ಚಿಪ್ಪಿನ ಬಾವಿ. ತುದಿಯಲ್ಲಿ ಸಂತೆಯಿಂದ ತಂದ ಶಿವಾಜಿ, ಕೆಳಗೆ ಮಾವಳೆ ಸೈನಿಕರು. ಒಬ್ಬೊಬ್ಬನೂ ದರವಾಜೆಗಿಂತ ಎತ್ತರ. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

‘ಯಾವ ಕಿಲ್ಲಾನೋ ತಮ್ಮಾ ಇದು?’
‘ಪನ್ಹಾಳಾ ರೀ ಕಾಕಾ.’
‘ನೋಡಿ ಬಂದೀ ಏನು?’
‘ಇಲ್ರೀ. ಆದ್ರ ಗೊತ್ತೈತಿ.’

ಈ ‘ಗೊತ್ತೈತಿ’ ನನ್ನನ್ನು ಬಹಳ ದಿನ ಬಿಡಲಿಲ್ಲ. ಕಂಡದ್ದನ್ನು ಕಟ್ಟುವುದು ಕಲೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕೊಲ್ಹಾಪುರದ ಆಬಾಲಾಲ್ ರಹಿಮಾನ್ ಹಾಗೆ ಕಂಡವರು. ಶಾಹೂ ಮಹಾರಾಜರ ಆಸ್ಥಾನದ ಚಿತ್ರಕಾರರಾಗಿದ್ದ ಅವರು 1931ರಲ್ಲಿ ತೀರಿಕೊಳ್ಳುವ ತನಕ ಕೋಟಿತೀರ್ಥದಂಥ ಊರಿನ ಕೆರೆಗಳ ನೀರು, ಮರ, ಬಿಸಿಲನ್ನು ಬಯಲಲ್ಲಿ ಕೂತು ಬರೆದವರು. ಫ್ರಾನ್ಸಿನ ಸೆಜಾನ್ ತನ್ನೂರ ಸಾಂತ್ ವಿಕ್ತ್ವಾರ್ ಬೆಟ್ಟವನ್ನು ಮತ್ತೆ ಮತ್ತೆ ಬರೆದ. ಬರೆದಷ್ಟೂ ಅದು ಅವನಿಗೆ ಮುಗಿಯಲಿಲ್ಲ. 1906ರ ಅಕ್ಟೋಬರಿನಲ್ಲಿ ಹೊರಗೆ ಚಿತ್ರ ಬರೆಯುತ್ತಿದ್ದಾಗಲೇ ಬಿರುಮಳೆಗೆ ಸಿಕ್ಕಿ ಹಾಸಿಗೆ ಹಿಡಿದ, ವಾರದೊಳಗೆ ಸತ್ತ. ಇಂಥವರಿಗೆ ಬಯಲೆಂದರೆ ಬೆಳಕು. ಮಳೆ ಬಂದರೆ ಚಿತ್ರಕಾರ ಹಲಗೆ ಮಡಚಿ ಏಳಬೇಕು, ಏಳದಿದ್ದರೆ ಸೆಜಾನನ ಗತಿ.

ಅಂಗಳದ ಹುಡುಗನಿಗೆ ಮಡಚಿಕೊಳ್ಳಲು ಏನೂ ಇಲ್ಲ. ಅವನು ಬೆಟ್ಟ ಕಂಡಿಲ್ಲ. ಕೇಳಿದ್ದಾನೆ, ಪಾಠದಲ್ಲಿ ಓದಿದ್ದಾನೆ, ಮೊಬೈಲಿನಲ್ಲಿ ನೋಡಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ಪನ್ಹಾಳ ಕಟ್ಟಿಸಿದ ಶಿಲಾಹಾರ ಭೋಜನ ಮನೆತನದವರು ಕನ್ನಡದಲ್ಲೂ ಶಾಸನ ಬರೆಸಿದವರು ಎಂದಾಗಲಿ, 1660ರಲ್ಲಿ ಶಿವಾಜಿಯನ್ನು ಅಲ್ಲಿ ಮುತ್ತಿದ ಸಿದ್ದಿ ಜೌಹರನ ದಂಡು ನಮ್ಮ ವಿಜಯಪುರದ್ದು ಎಂದಾಗಲಿ ಅವನಿಗೆ ಯಾರೂ ಹೇಳಿಲ್ಲ. ಹೇಳಿದರೂ ಅವನ ಕಿಲ್ಲಾ ಬದಲಾಗಲಿಕ್ಕಿಲ್ಲ. ಪ್ರೀತಿ ಆಗಲೇ ಕೂತುಬಿಟ್ಟಿದೆ, ವಿವರ ಆಮೇಲೆ ಬರಲಿ. ಹಾಗಾದರೆ ಅವನಿಗೆ ಗೊತ್ತಿರುವುದು ಏನು?

ಉತ್ತರ ಅವನ ತಲೆಯಲ್ಲಿ ಇರಲಿಕ್ಕಿಲ್ಲ, ಕೈಯಲ್ಲಿದೆ. ಮೊದಲ ದಿನ ಅವನು ಗೋಡೆಯನ್ನು ನೆಟ್ಟಗೆ ನಿಲ್ಲಿಸಿದ. ಹಸಿ ಮಣ್ಣು ಜಾರಿ ಬಿತ್ತು. ಬುಡ ಅಗಲ ಮಾಡಿದ, ನಿಂತಿತು. ಮತ್ತೂ ಎತ್ತರ ಬೇಕೆಂದ. ಬುಡ ಇನ್ನೂ ಅಗಲ ಕೇಳಿತು. ಎಷ್ಟು ಇಳಿಜಾರಿಗೆ ಮಣ್ಣು ನಿಲ್ಲುತ್ತದೆ, ಎಲ್ಲಿ ಕಲ್ಲಿನ ಆಸರೆ ಬೇಕು ಎಂಬುದನ್ನು ಅವನು ಯಾರಿಂದಲೂ ಕೇಳಿ ತಿಳಿಯಲಿಲ್ಲ. ಭಾರ ಮತ್ತು ನೀರು ಅವನ ಕೈ ಹಿಡಿದು ತಿದ್ದಿದವು. ಅವೆರಡೇ ಅಲ್ಲವೆ, ನಿಜವಾದ ಪನ್ಹಾಳವನ್ನೂ ತಿದ್ದಿದ್ದು? ಬೆಟ್ಟದ ರೂಪವನ್ನು ಕಣ್ಣಿನಿಂದ ನಕಲು ಮಾಡುವುದು ಒಂದು ದಾರಿ. ಬೆಟ್ಟ ಯಾವ ಕಟ್ಟಳೆಗೆ ತಲೆಬಾಗಿದೆಯೋ ಅದೇ ಕಟ್ಟಳೆಗೆ ತಾನೂ ತಲೆಬಾಗಿ ಅದರ ನೆಂಟನಾಗುವುದು ಇನ್ನೊಂದು. ಈ ಎರಡನೆಯದು ಕೋಣೆಯೊಳಗೆ ಆಗುವ ಕೆಲಸವಲ್ಲ.

ಮಣ್ಣಿನ ಕಥೆಯೂ ಇದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾರಸದ ಕರಿಗಲ್ಲೇ ಇಲ್ಲಿಯ ಸಹ್ಯಾದ್ರಿ. ಆ ಜಾತಿಯ ಕಲ್ಲು ಸವೆದು, ಕೊಳೆತು ಆದದ್ದು ನಮ್ಮ ಎರೆ. ದೂಧಗಂಗೆ ಹುಟ್ಟುವುದೂ ಆ ಘಟ್ಟದಲ್ಲೇ. ಕಾಳಮ್ಮವಾಡಿ ಆಣೆಕಟ್ಟು ದಾಟಿ, ಬರುವಾಗ ಗುಡ್ಡವನ್ನು ಚೂರುಚೂರೇ ಹೊತ್ತು ತಂದು ಮುಂದೆ ಕೃಷ್ಣೆಗೆ ಒಪ್ಪಿಸುತ್ತಾಳೆ. 2021ರ ಜುಲೈ ಮಳೆಯಲ್ಲಿ ಪನ್ಹಾಳಕ್ಕೆ ಏರುವ ರಸ್ತೆ ಕುಸಿದು ಹೋಯಿತು; ಅದೇ ಮಳೆಗೆ ಇಲ್ಲಿ ಮಹಾಪೂರ ಬಂತು. ಪೂರ ಇಳಿದ ಮೇಲೆ ಹೊಲದ ಮೇಲೆ ನಿಂತ ರಾಡಿಯನ್ನು ನಾವು ಬೈದುಕೊಂಡು ಬಳಿದೆವು. ಗುಡ್ಡವೇ ಊರಿಗೆ ಬಂದಿತ್ತು, ಗುರುತು ಹಿಡಿಯಲಿಲ್ಲ. ಹೊಳೆ ಯುಗಯುಗದಿಂದ ಇಳಿಸಿದ್ದನ್ನು ಹುಡುಗರು ರಜೆಯಲ್ಲಿ ಬುಟ್ಟಿಯಿಂದ ಹೊತ್ತು ಮತ್ತೆ ಮೇಲೇರಿಸುತ್ತಾರೆ.

ಇದೇ ಹಬ್ಬದ ಪಾಡ್ಯದಂದು ಮನೆಯ ಹೆಣ್ಣುಮಕ್ಕಳು ಸಗಣಿಯಲ್ಲಿ ಪಾಂಡವರನ್ನು ಮಾಡಿ ಉತ್ತರಾಣಿ, ಚೆಂಡುಹೂ ಸಿಕ್ಕಿಸಿ ಹೊಸ್ತಿಲಿಗಿಡುತ್ತಾರೆ. ಅವೂ ಉಳಿಯಲೆಂದು ಮಾಡಿದವಲ್ಲ. ಉಳಿಯಬಾರದ್ದನ್ನು ಇಷ್ಟು ಅಕ್ಕರೆಯಿಂದ ಮಾಡುವ ಊರು ಕಲೆಯ ಬಗ್ಗೆ ಭಾಷಣ ಕೇಳಬೇಕಾದ ಅಗತ್ಯವಿಲ್ಲ ಅನ್ನಿಸುತ್ತದೆ. ಈಚೆಗೆ ಪೇಟೆಯಲ್ಲಿ ಪ್ಲಾಸ್ಟರಿನ ಸಿದ್ಧ ಕಿಲ್ಲಾ ಸಿಗುತ್ತದೆ. ಟಿವಿ ಪಕ್ಕದಲ್ಲಿಟ್ಟು ಮುಂದಿನ ವರ್ಷಕ್ಕೆ ಎತ್ತಿಡಬಹುದು. ನನಗೆ ಅದು ಹಿಡಿಸುವುದಿಲ್ಲ, ಮುಚ್ಚುಮರೆ ಯಾಕೆ. ಅದರಲ್ಲಿ ಪನ್ಹಾಳದ ಆಕಾರವಿದೆ, ಅಷ್ಟೇ. ಮಳೆಗೆ ಅದರ ಹತ್ತಿರ ಕೆಲಸವಿಲ್ಲ, ಸಾಸಿವೆ ಅದರ ಮೇಲೆ ಮೊಳೆಯುವುದಿಲ್ಲ. ಅಸಲಿ ಪನ್ಹಾಳವನ್ನು 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅದನ್ನು ಕಾಯಲು ಜನರಿದ್ದಾರೆ. ಅಂಗಳದ್ದನ್ನೂ ಕಾಯಬೇಕೆ?

ಒಂದು ಸಲ ನರಕ ಚತುರ್ದಶಿಯ ಹಿಂದಿನ ರಾತ್ರಿ ಹಿಂಗಾರಿ ಮಳೆ ಜೋರಾಗಿ ಹೊಡೆಯಿತು. ಬೆಳಗ್ಗೆ ಆ ಹುಡುಗ ಅಳುಮೋರೆ ಹಾಕಿ ನಿಂತಿದ್ದ. ‘ಮಳಿ ಎಲ್ಲಾ ಕೆಡಸ್ತು ನೋಡ್ರಿ ಕಾಕಾ.’ ನಾನು ಬಗ್ಗಿ ನೋಡಿದೆ. ಕೆಮ್ಮಣ್ಣು ತೊಳೆದು ಹೋಗಿ ಇಳಿಜಾರಿನುದ್ದಕ್ಕೂ ಕೊರಕಲು ಬಿದ್ದಿದ್ದವು. ಮೇಲೆ ಎಳೆಯಷ್ಟು ಸಣ್ಣವು, ಇಳಿಯುತ್ತ ಒಂದರೊಳಗೊಂದು ಸೇರಿ, ಬುಡದಲ್ಲಿ ಬೆರಳಗಲ. ನಡುವೆ ಉಳಿದ ಏಣುಗಳ ಮೇಲೆ ಮಾತ್ರ ಸಾಸಿವೆ ಪೈರು ನಿಂತಿತ್ತು. ರಾಧಾನಗರಿಯ ಕಡೆ ಘಟ್ಟ ನೋಡಿದವರಿಗೆ ಗೊತ್ತು, ಅಲ್ಲಿಯ ಕಣಿವೆಗಳು ಇಳಿಯುವುದೂ ಹೀಗೇ. ಹುಡುಗನಿಗೆ ಕೆಟ್ಟದ್ದು ಕಂಡಿತು, ನನಗೆ ಪೂರ್ತಿಯಾದದ್ದು. ಯಾರದು ಸರಿ? ರಾಡಿ ಕಲಸಿದವನು ಅವನು, ಬೆಳಗಿನ ಚಳಿಯಲ್ಲಿ ನೀರು ಚಿಮುಕಿಸಿದವನು ಅವನು. ಕೈ ಕೆಸರು ಮಾಡಿಕೊಳ್ಳದೆ ನಿಂತು ‘ಮಳೆಯೇ ಚಲೋ ಮಾಡಿತು’ ಎನ್ನುವುದು ಸುಲಭ. ನಾನು ಸುಮ್ಮನಾದೆ.

ಅವನ ಅಕ್ಕ ಹೊರಗೆ ಬಂದಳು. ಅವನು ಎಲ್ಲ ಕೊರಕಲು ಮೆತ್ತಲು ರಾಡಿ ತಂದಾಗ ಒಂದನ್ನು ಕೈಯಿಂದ ಮುಚ್ಚಿ ಹಿಡಿದಳು. ‘ಇದೊಂದ ಬಿಡೋ. ರಾಜಾ ಇದರಾಗಿಂದನ ಪಾರಾಗಲಿ.’ ಪನ್ಹಾಳದಿಂದ ವಿಶಾಳಗಡಕ್ಕೆ ಶಿವಾಜಿ ತಪ್ಪಿಸಿಕೊಂಡು ಹೋದದ್ದು ಜುಲೈ ತಿಂಗಳ ಮಳೆಯ ರಾತ್ರಿ ಎಂದು ಅವಳಿಗೆ ನೆನಪಿತ್ತು. ತಮ್ಮ ಒಂದು ಗಳಿಗೆ ನೋಡಿ ಒಪ್ಪಿದ. ಆದರೆ ಸಂತೆಯ ಮಾವಳೆ ಆ ಸಂದಿಯಲ್ಲಿ ಹಿಡಿಸಲೇ ಇಲ್ಲ. ಒಳಗಿನಿಂದ ಚಮಚ ತಂದು ಅಗಲ ಮಾಡತೊಡಗಿದ. ‘ಹೆಚ್ಚ ಕೆದರಬ್ಯಾಡ, ಬುರುಜ ಬೀಳತೈತಿ’ ಎಂದು ಅಕ್ಕ ಜಗಳ ತೆಗೆದಳು.