ಸಿಗುತ್ತೆ ಬಿಡಿ ಅಂದಿದ್ದೆ

2020ರ ಜನವರಿ. ಸಿಡ್ನಿಯ ನಮ್ಮ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ಮೇಲೆ ಬೂದಿ ಬೀಳುತ್ತಿತ್ತು. ನ್ಯೂ ಸೌತ್ ವೇಲ್ಸಿನ ಕಾಡುಗಳು ತಿಂಗಳುಗಟ್ಟಲೆಯಿಂದ ಉರಿಯುತ್ತಿದ್ದವು. ಕೋವಿಡ್ ಬರುವ ಮೊದಲೇ ನಾವು ಮಾಸ್ಕ್ ಹಾಕಿಕೊಂಡು ಆಫೀಸಿಗೆ ಹೋಗಿದ್ದೆವು. ಒಂದು ರಾತ್ರಿ ಫೋನಿನಲ್ಲಿ ಸುಟ್ಟ ಮನೆಗಳು, ಸುಟ್ಟ ಕೊಆಲಾಗಳ ಫೋಟೋ ನೋಡ್ತಾ ನೋಡ್ತಾ ತಡೆಯೋಕಾಗದೆ 200 ಡಾಲರ್ ಕೊಟ್ಟುಬಿಟ್ಟೆ. ಹಾಸ್ಯನಟಿ ಸೆಲೆಸ್ಟ್ ಬಾರ್ಬರ್ ಫೇಸ್‌ಬುಕ್ಕಿನಲ್ಲಿ ಶುರುಮಾಡಿದ್ದ ನಿಧಿ ಅದು. ಆಕೆ ಮೊದಲು ಕೇಳಿದ್ದು 30 ಸಾವಿರ ಡಾಲರ್. ಕೊನೆಗೆ ಸೇರಿದ್ದು 5 ಕೋಟಿ 10 ಲಕ್ಷಕ್ಕೂ ಹೆಚ್ಚು!

ದುಡ್ಡು ಕಳಿಸೋಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಚೆನ್ನಾಗಿ ನಿದ್ದೆ ಬಂತು.

ಮಾರನೇ ದಿನ ಕೊಬಾರ್ಗೊ ಹತ್ತಿರದ ಒಬ್ಬ ಹಿರಿಯ ಹೆಂಗಸಿಗೆ ಫೋನ್ ಮಾಡಿದೆ. ಅವರ ಹೋಂಸ್ಟೇಯಲ್ಲಿ ನಾವು ಎರಡು ಸಲ ಉಳಿದಿದ್ದೆವು. ಡಿಸೆಂಬರ್ 31ರ ಬೆಂಕಿಗೆ ಆ ಊರಿನ ಮುಖ್ಯರಸ್ತೆಯ ಕಟ್ಟಡಗಳೇ ಸುಟ್ಟುಹೋಗಿದ್ದವು. ಇವರ ಮನೆ ಹೇಗೋ ಉಳಿದಿತ್ತು. ಆದರೆ ಶೆಡ್ಡು, ಮೇವು, ಬೇಲಿ ಎಲ್ಲಾ ಹೋಗಿತ್ತು. "ಬಟ್ಟೆ ಮಾತ್ರ ಕಳಿಸಬೇಡಿ, ಆಗಲೇ ಮೂರು ಚೀಲ ಬಂದಿದೆ. ಹಸುಗಳು ರಸ್ತೆಗೆ ಬರ್ತಿವೆ, ನನಗೆ ಬೇಲಿ ಆಗಬೇಕು" ಅಂದರು. ನಾನು ದೊಡ್ಡ ಮನುಷ್ಯನ ಹಾಗೆ, "ಚಿಂತೆ ಮಾಡಬೇಡಿ, ನಾವೆಲ್ಲ ದುಡ್ಡು ಹಾಕಿದ್ದೀವಿ, ನಿಮಗೂ ಸಿಗುತ್ತೆ ಬಿಡಿ" ಅಂದೆ.

ಸಿಗಲಿಲ್ಲ. ಬಾರ್ಬರ್ ಅವರ ನಿಧಿಯ ಪುಟದಲ್ಲಿ ದುಡ್ಡು ಯಾರಿಗೆ ಹೋಗುತ್ತೆ ಅಂತ ಸ್ಪಷ್ಟವಾಗಿಯೇ ಬರೆದಿತ್ತು: ಬೆಂಕಿ ಆರಿಸುವ ಗ್ರಾಮೀಣ ದಳಗಳ ಟ್ರಸ್ಟಿಗೆ. ಮನೆ ಕಳೆದುಕೊಂಡವರಿಗೂ, ಬೇರೆ ರಾಜ್ಯಗಳಿಗೂ, ಪ್ರಾಣಿಗಳಿಗೂ ಹಂಚಬೇಕು ಅನ್ನೋ ಆಸೆ ಆಮೇಲೆ ಬಾರ್ಬರ್‌ಗೂ ಇತ್ತು, ನಮಗೂ ಇತ್ತು. ವಿಷಯ ಕೋರ್ಟಿಗೆ ಹೋಯಿತು. 2020ರ ಮೇ 25ರಂದು ನ್ಯೂ ಸೌತ್ ವೇಲ್ಸ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮೈಕಲ್ ಸ್ಲಾಟರಿ ತೀರ್ಪು ಕೊಟ್ಟರು. ಗಾಯಗೊಂಡ ಅಗ್ನಿಶಾಮಕರು, ಸತ್ತವರ ಕುಟುಂಬ, ತರಬೇತಿ, ಮಾನಸಿಕ ಆರೋಗ್ಯ ಇವಕ್ಕೆ ಆ ಹಣ ಬಳಸಬಹುದು. ಆದರೆ ಬೇರೆ ಸಂಸ್ಥೆಗಳಿಗೆ ಹಂಚುವ ಹಾಗಿಲ್ಲ. ದಾನಿಗಳ ಮನಸ್ಸಿನಲ್ಲಿ ಏನಿತ್ತು ಅನ್ನೋದಕ್ಕಿಂತ ಟ್ರಸ್ಟಿನ ಪತ್ರದಲ್ಲಿ ಏನಿತ್ತು ಅನ್ನೋದೇ ನಿಂತಿತು.

ನನಗೆ ಸಿಟ್ಟು ಬಂತು. ನನ್ನ ದುಡ್ಡು, ನನ್ನ ಉದ್ದೇಶ, ಇವರ್ಯಾರು ತಡೆಯೋಕೆ? ಅದೇ ಸಿಟ್ಟಲ್ಲಿ ಆ ಹೆಂಗಸಿಗೆ ಮತ್ತೆ ಫೋನ್ ಮಾಡಿ ಕೋರ್ಟನ್ನು ಬೈದೆ. ಅವರು ಸುಮ್ಮನೆ ಕೇಳಿಸಿಕೊಂಡು ಹೇಳಿದರು: "ನಿಮ್ಮ ದುಡ್ಡಿಗೆ ನಾನೇನೂ ಕಾಯ್ತಾ ಕೂತಿರಲಿಲ್ಲ. ಮನೆ ಉಳಿಸಿದ್ದು ಆ ಹುಡುಗರೇ, ಅವರಿಗೆ ಸಿಗಲಿ. ಆದರೆ ಗೊತ್ತಿಲ್ಲದೆ ನನಗೆ ಸಿಗುತ್ತೆ ಅಂತ ಯಾಕೆ ಹೇಳಿದಿರಿ?"

ಉತ್ತರ ಇರಲಿಲ್ಲ. ಆ ದಳಗಳಲ್ಲಿರುವವರು ಬಹುತೇಕ ಸ್ವಯಂಸೇವಕರು, ಸಂಬಳವಿಲ್ಲದೆ ಬೆಂಕಿಗೆ ಎದುರಾಗಿ ನಿಂತವರು. ನನ್ನ ದುಡ್ಡು ಹಾಳಾಗಿರಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ. ಓದದೆ ಕೊಟ್ಟವನು ನಾನು, ಓದದೆಯೇ ಇನ್ನೊಬ್ಬರಿಗೆ ಭರವಸೆ ಕೊಟ್ಟವನೂ ನಾನೇ. ಅವರ ಬೇಲಿಯನ್ನು ಕೊನೆಗೆ ಹಾಕಿಕೊಟ್ಟಿದ್ದು ಬ್ಲೇಜ್‌ಏಡ್‌ನ ಸ್ವಯಂಸೇವಕರು. ಬೆಂಕಿ, ನೆರೆ ಬಂದ ಮೇಲೆ ರೈತರ ಬೇಲಿ ಕಟ್ಟಿಕೊಡೋದೇ ಆ ಸಂಸ್ಥೆಯ ಕೆಲಸ. ಅಂಥದ್ದೊಂದು ಇದೆ ಅಂತ ತಿಳಿಯೋಕೆ ನನಗೆ ಹತ್ತು ನಿಮಿಷ ಸಾಕಿತ್ತು.

ನಮ್ಮಜ್ಜಿ ದೇಶ, ಕಾಲ, ಪಾತ್ರ ನೋಡಿ ಕೊಡಬೇಕು ಕಣೋ ಅನ್ನೋರು. ಕಾಲೇಜಿನ ದಿನಗಳಲ್ಲಿ ನನಗೆ ಆ ಮಾತು ಆಗಿಬರುತ್ತಿರಲಿಲ್ಲ. ಕಷ್ಟದಲ್ಲಿರೋರ ಯೋಗ್ಯತೆ ಅಳೆಯೋಕೆ ನಾವ್ಯಾರು ಅಂತ ವಾದ ಮಾಡುತ್ತಿದ್ದೆ. ಈಗಲೂ ಆ ವಾದ ಬಿಟ್ಟಿಲ್ಲ. ಮನೆ ಸುಟ್ಟವನು ಒಳ್ಳೆಯವನಾ ಕೆಟ್ಟವನಾ ಅಂತ ನೋಡಬೇಕಾಗಿಲ್ಲ. ಆದರೆ ನನ್ನ ಮತ್ತು ಅವನ ನಡುವೆ ಒಂದು ಪಾತ್ರೆ ಇದೆಯಲ್ಲ, ಟ್ರಸ್ಟೋ, ಆ್ಯಪೋ, ಸೆಲೆಬ್ರಿಟಿಯೋ, ನೋಡಬೇಕಾದ್ದು ಅದನ್ನು. ಅದರ ಬಾಯಿ ಯಾವ ಕಡೆಗಿದೆ, ತಳ ಗಟ್ಟಿ ಇದೆಯಾ ಅಂತ.

2023ರ ಆಗಸ್ಟಿನಲ್ಲಿ ಹವಾಯಿಯ ಲಹೈನಾ ಊರು ಸುಟ್ಟಾಗ ಓಪ್ರಾ ವಿನ್‌ಫ್ರೇ ಮತ್ತು ಡ್ವೇನ್ ಜಾನ್ಸನ್ ಒಂದು ನಿಧಿ ಮಾಡಿದರು. ಇಷ್ಟು ಶ್ರೀಮಂತರು ನಮ್ಮನ್ನು ಕೇಳೋದಾ ಅಂತ ಜನ ಬೈದರು. ನನಗೂ ಹಾಗೇ ಅನ್ನಿಸಿತು. ಆದರೆ ಈ ಸಲ ಓದಿದೆ: ಬೆಂಕಿಯಿಂದ ಮನೆ ಬಿಡಬೇಕಾದ ವಯಸ್ಕರಿಗೆ ತಿಂಗಳಿಗೆ 1,200 ಡಾಲರ್, ನೇರವಾಗಿ. ಯಾರಿಗೆ, ಎಷ್ಟು, ಹೇಗೆ ಅನ್ನೋ ಮೂರಕ್ಕೂ ಉತ್ತರ ಇತ್ತು. ಕೇಳಿದವರ ಮೇಲಿನ ಮುನಿಸು ಪಡೆಯುವವರಿಗೆ ಯಾಕೆ ಮುಳ್ಳಾಗಬೇಕು? ಕೊಟ್ಟೆ.

ಇದನ್ನು ಗೆಳೆಯನೊಬ್ಬನಿಗೆ ಹೇಳಿದಾಗ, "ಅದಕ್ಕೇ ಗುರೂ, ಈ ತಲೆನೋವೇ ಬೇಡ ಅಂತ ನಾನು ಯಾರಿಗೂ ಕೊಡಲ್ಲ" ಅಂದ. ಇದು ನನ್ನ ಅವಸರಕ್ಕಿಂತ ದೊಡ್ಡ ತಪ್ಪು ಅನ್ನಿಸುತ್ತೆ. ವಿವೇಕದ ಹೆಸರಲ್ಲಿ ಜೇಬು ಹೊಲಿದುಕೊಳ್ಳೋದು ಸುಲಭ. ಪೂರ್ತಿ ಖಾತ್ರಿಯಾದ ಮೇಲೇ ಕೊಡ್ತೀನಿ ಅನ್ನೋನು ಯಾವತ್ತೂ ಕೊಡಲ್ಲ. ಹಾಗಾಗಿ ನಾನು ಒಂದು ಮಿತಿ ಹಾಕಿಕೊಂಡಿದ್ದೇನೆ. ಹತ್ತು ನಿಮಿಷ ಓದೋದು. ಆಸ್ಟ್ರೇಲಿಯಾದ ಸಂಸ್ಥೆಯಾದರೆ ಸರ್ಕಾರಿ ನೋಂದಣಿ ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ನೋಡೋದು. ಅರ್ಧ ಈಗ ಕೊಡೋದು, ಇನ್ನರ್ಧ ಆರು ತಿಂಗಳು ಬಿಟ್ಟು. ಅಷ್ಟರಲ್ಲಿ ಕ್ಯಾಮೆರಾಗಳು ಹೋಗಿರುತ್ತವೆ, ಮನೆಗಳು ಮಾತ್ರ ಇನ್ನೂ ಎದ್ದಿರುವುದಿಲ್ಲ.

ಮತ್ತೆ ಯಾರಿಗೂ ಸಿಗುತ್ತೆ ಬಿಡಿ ಅಂದಿಲ್ಲ. ಏನು ಬೇಕು ಅಂತ ಕೇಳ್ತೀನಿ, ಅಷ್ಟೆ.